ಪೆಟ್ಟಿಗೆಯೊಳಗಿನ ಮನುಷ್ಯ

ಹೋದ ಮಳೆಗಾಲದಲ್ಲಿ, ಒಂದು ಭಾನುವಾರ ಸಂಜೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕನ್ನಡ ಎಂ.ಎ. ಮುಗಿಸಿ ನಾಲ್ಕೈದು ವರ್ಷವಾಗಿದೆ. ಮದುವೆಯಾಗಿ ಪುತ್ತೂರಿನ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಎರಡು ವರ್ಷದ ಮಗನಿದ್ದಾನೆ. ಹಳೆಯ ಶಿಷ್ಯರು ಮನೆಗೆ ಬರುವಾಗ ಹಣ್ಣನ್ನೋ ಸಿಹಿಯನ್ನೋ ತರುವುದು ವಾಡಿಕೆ. ಇವಳ ಕೈಯಲ್ಲಿ ಇದ್ದದ್ದು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಲ್ಯಾಪ್‌ಟಾಪು. ಕಾಫಿ ಬರುವ ಮೊದಲೇ ಅದನ್ನು ತೆರೆದು, "ಸರ್, ಒಂದು ಸಲ ನೋಡಿ ಹೇಳಿ. ನಾನು ಬರೆದದ್ದರಲ್ಲಿ ಎಲ್ಲಿ ತಪ್ಪುಂಟು?" ಎಂದಳು.

ಅವಳ ಕೆಲಸ ಇದು: ಯಾರೋ ಮಾತಾಡಿದ್ದನ್ನು ಮುದ್ರಿಸಿದ ಚಿಕ್ಕ ಚಿಕ್ಕ ತುಣುಕುಗಳು ಇಂಟರ್‌ನೆಟ್ಟಿನ ಒಂದು ತಾಣದಲ್ಲಿ ಬರುತ್ತವೆ. ಅವನ್ನು ಕಿವಿಗೊಟ್ಟು ಕೇಳಿ, ಕೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಟೈಪು ಮಾಡಿ ಕಳಿಸಬೇಕು. ಮಾತಿನ ನಿಮಿಷಕ್ಕೆ ಇಷ್ಟು ಎಂದು ದರ. ಕೆಲಸ ಕೊಡುವವರು ಯಾರು, ಈ ಬರವಣಿಗೆ ಎಲ್ಲಿಗೆ ಹೋಗುತ್ತದೆ, ಅವಳಿಗೆ ತಿಳಿಯದು. ಯಂತ್ರಕ್ಕೆ ಕನ್ನಡ ಕಲಿಸಲು ಎಂದು ಅವಳ ಊಹೆ. ಆ ವಾರ ಅರುವತ್ತಮೂರು ತುಣುಕುಗಳನ್ನು ಕಳಿಸಿದ್ದಳಂತೆ. ಅವುಗಳಲ್ಲಿ ನಲವತ್ತೊಂದು ತಿರಸ್ಕೃತವಾಗಿದ್ದುವು. ಕಾರಣದ ಜಾಗದಲ್ಲಿ ಒಂದೇ ಸಾಲು: ಗುಣಮಟ್ಟ ಸಾಲದು. ತಿರಸ್ಕರಿಸಿದ್ದಕ್ಕೆ ಹಣವಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವಳ ಹೆಸರಿನ ಮುಂದಿರುವ ಅಂಕವೂ ಇಳಿದುಹೋಗಿತ್ತು, ಆ ಅಂಕ ಇಳಿದವರಿಗೆ ಮುಂದೆ ಒಳ್ಳೆಯ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ನಾನು ಕನ್ನಡಕ ಹಾಕಿಕೊಂಡು ಕುಳಿತೆ. ಯಾರೋ ಒಬ್ಬ ವೃದ್ಧ ಕೃಷಿಕರು ಅಡಕೆಯ ಕೊಳೆರೋಗದ ವಿಷಯ ಮಾತಾಡುತ್ತಿದ್ದರು. ನಮ್ಮ ಕರಾವಳಿಯ ಹಳೆಯ ಕನ್ನಡ. ಈ ವರ್ಷ ಮದ್ದು ಬಿಡಲು ಜನ ಸಿಕ್ಕದ್ದು, ಮಳೆ ಬಿಡುವು ಕೊಡದ್ದು, ಎಲ್ಲವನ್ನೂ ನಿಧಾನವಾಗಿ ಹೇಳುತ್ತಿದ್ದರು. ಅವಳು ಅವರ 'ಬರ್ತದೆ'ಯನ್ನು 'ಬರ್ತದೆ' ಎಂದೇ, 'ಹೋಗ್ಲಿಕ್ಕುಂಟು' ಎಂಬುದನ್ನು ಹಾಗೆಯೇ ಬರೆದಿದ್ದಳು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಪರೀಕ್ಷಿಸಿದವರಿಗೆ ಪುಸ್ತಕದ ಕನ್ನಡ ಬೇಕಾಗಿತ್ತೋ ಏನೋ. ಪರೀಕ್ಷಿಸಿದವರು ಮನುಷ್ಯರೋ ಮತ್ತೊಂದು ಯಂತ್ರವೋ ಅದೂ ತಿಳಿಯದು. "ಇದನ್ನು ಯಾರ ಹತ್ತಿರ ಕೇಳುವುದು ಸರ್?" ಎಂದಳು. ನಾನು ಉತ್ತರ ಹೇಳಲಾರದೆ, ಕಾಫಿ ಆರುತ್ತದೆ ಕುಡಿ ಎಂದೆ.

ಅವಳು ಹೋದ ಮೇಲೆ ಆ ಪ್ರಶ್ನೆ ಹೋಗಲಿಲ್ಲ. ಈ ಬಗೆಯ ದುಡಿಮೆ ಎಲ್ಲಿಂದ ಬಂತು, ಯಾರು ಇದಕ್ಕೆ ಈ ರೂಪವನ್ನು ಕೊಟ್ಟರು ಎಂದು ಹುಡುಕಿ ಓದತೊಡಗಿದೆ. ನನ್ನ ವಿಷಯವಲ್ಲದ ವಿಷಯ. ಆದರೆ ಅದರ ಇತಿಹಾಸ ಒಂದು ಹಳೆಯ ಕಥೆಯ ಹಾಗೆಯೇ ಇರುವುದರಿಂದ ವಾಚಕರ ಮುಂದಿಡಲು ಧೈರ್ಯ ಮಾಡಿದ್ದೇನೆ.

ಮೊದಲು ಒಂದು ಶಬ್ದದ ಮಾತು. ಭಾಷೆಯ ಮೇಷ್ಟ್ರಿಗೆ ಇದೊಂದು ಚಪಲ. ಒಬ್ಬ ಧಣಿಗೆ ಕಟ್ಟುಬೀಳದೆ ಹಲವರಿಗೆ ಕೆಲಸ ಮಾಡಿಕೊಡುವವನನ್ನು ಇಂಗ್ಲಿಷಿನಲ್ಲಿ ಫ್ರೀಲ್ಯಾನ್ಸರ್ ಎನ್ನುತ್ತಾರೆ. ಈ ಶಬ್ದವನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟವನು ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್. 1819ರ ಕೊನೆಯಲ್ಲಿ ಬಂದ 'ಐವನ್‌ಹೋ'ದಲ್ಲಿ ಒಬ್ಬ ಸರದಾರ ತನ್ನ ಕೂಲಿ ಸೈನಿಕರನ್ನು 'ಫ್ರೀ ಲ್ಯಾನ್ಸ್'ಗಳೆಂದು ಕರೆಯುತ್ತಾನೆ. ಲ್ಯಾನ್ಸ್ ಎಂದರೆ ಈಟಿ. ಯಾವ ದೊರೆಗೂ ಒಕ್ಕಲಾಗದ ಈಟಿ, ಸಂಬಳ ಕೊಟ್ಟವರ ಪರವಾಗಿ ಎತ್ತುವ ಈಟಿ. ಆ ಸೈನಿಕನಿಗೆ ಕೂಲಿ ಸಲ್ಲದೆ ಹೋದರೆ ಏನು ಮಾಡುತ್ತಿದ್ದನೆಂದು ಬಿಡಿಸಿ ಹೇಳಬೇಕಾದ್ದಿಲ್ಲ. ಈಟಿ ಅವನ ಕೈಯಲ್ಲೇ ಇತ್ತಷ್ಟೆ. ಹೆಸರು ಉಳಿದು ಈಟಿ ಹೋದದ್ದು ಆಮೇಲಿನ ಕಥೆ.

ಇಂಟರ್‌ನೆಟ್ಟಿನ ಮೂಲಕ ಚೂರು ಚೂರು ಕೆಲಸವನ್ನು ಸಾವಿರಾರು ಜನಕ್ಕೆ ಹಂಚುವ ಪೇಟೆಗಳಲ್ಲಿ ಅತ್ಯಂತ ಹೆಸರಾದದ್ದು ಅಮೆರಿಕದ ಅಮೆಜಾನ್ ಸಂಸ್ಥೆ 2005ರ ನವೆಂಬರಿನಲ್ಲಿ ತೆರೆದದ್ದು. ಅದಕ್ಕೆ ಅವರು ಇಟ್ಟ ಹೆಸರು 'ಮೆಕ್ಯಾನಿಕಲ್ ಟರ್ಕ್', ಎಂದರೆ ಯಾಂತ್ರಿಕ ತುರ್ಕ. ಕೂಲಿಯ ಪೇಟೆಗೆ ಇದೆಂಥ ಹೆಸರು? ಇದನ್ನು ತಿಳಿಯಬೇಕಾದರೆ 1770ನೆಯ ವರ್ಷದ ವಿಯೆನ್ನಾ ನಗರಕ್ಕೆ ಹೋಗಬೇಕು.

ಆಗ ಅಲ್ಲಿ ಮಾರಿಯಾ ಥೆರೇಸಾ ಮಹಾರಾಣಿಯ ಆಳ್ವಿಕೆ. ಅವಳ ಆಸ್ಥಾನದಲ್ಲಿ ವುಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್ ಎಂಬ ಜಾಣ ಅಧಿಕಾರಿಯೊಬ್ಬನಿದ್ದ. ಅವನು ಮಹಾರಾಣಿಯ ಮುಂದೆ ಒಂದು ಅದ್ಭುತವನ್ನು ತಂದು ನಿಲ್ಲಿಸಿದ. ದೊಡ್ಡದೊಂದು ಮರದ ಪೆಟ್ಟಿಗೆ. ಅದರ ಹಿಂದೆ ಮುಂಡಾಸು ಸುತ್ತಿ, ನಿಲುವಂಗಿ ತೊಟ್ಟು ಕುಳಿತ ತುರ್ಕನ ಗೊಂಬೆ. ಪೆಟ್ಟಿಗೆಯ ಮೇಲೆ ಚದುರಂಗದ ಹಾಸು. ಆಟಕ್ಕೆ ಮೊದಲು ಕೆಂಪೆಲೆನ್ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು, ಹಿಂದುಗಡೆ ಮೇಣದಬತ್ತಿ ಹಿಡಿದು, ಒಳಗೆ ಹಲ್ಲುಚಕ್ರಗಳ ಹೊರತು ಏನೂ ಇಲ್ಲವೆಂದು ತೋರಿಸುತ್ತಿದ್ದ. ಆಮೇಲೆ ಕೀಲಿ ತಿರುಗಿಸುತ್ತಿದ್ದ. ಚಕ್ರಗಳು ಗರಗರನೆ ಸದ್ದು ಮಾಡುತ್ತಿದ್ದುವು. ತುರ್ಕನ ಕೈ ಮೆಲ್ಲನೆ ಎದ್ದು ಕಾಯಿಯನ್ನು ಹಿಡಿಯುತ್ತಿತ್ತು. ಆಡಿದವರಲ್ಲಿ ಬಹುಮಂದಿ ಸೋತರು.

ಈ ತುರ್ಕ ಎಂಬತ್ತಕ್ಕೂ ಹೆಚ್ಚು ವರ್ಷ ಬಾಳಿದ. 1783ರಲ್ಲಿ ಪ್ಯಾರಿಸ್ಸಿಗೆ ಹೋಗಿ ಆ ಕಾಲದ ಚದುರಂಗದ ಚಕ್ರವರ್ತಿ ಫಿಲಿಡಾರನೊಡನೆ ಆಡಿ ಸೋತ; ಮರುವರ್ಷ ಲಂಡನ್ನು. ಕೆಂಪೆಲೆನ್ ತೀರಿಕೊಂಡ ತರುವಾಯ ಅದನ್ನು ಕೊಂಡವನು ಮೇಲ್ಜೆಲ್ ಎಂಬ ಸಂಗೀತಯಂತ್ರಗಳ ಕುಶಲಿ. 1809ರಲ್ಲಿ ನೆಪೋಲಿಯನ್ ಚಕ್ರವರ್ತಿಯೇ ಅದರ ಎದುರಿಗೆ ಕುಳಿತ. 1826ರಲ್ಲಿ ಮೇಲ್ಜೆಲ್ ಅದನ್ನು ಹಡಗಿಗೆ ಹಾಕಿಕೊಂಡು ಅಮೆರಿಕಕ್ಕೆ ಹೋದ. ಅಲ್ಲಿ ಎಡ್ಗರ್ ಆಲನ್ ಪೋ 1836ರಲ್ಲಿ, ಇದರೊಳಗೆ ಮನುಷ್ಯನೇ ಇರಬೇಕೆಂದು ತರ್ಕಿಸಿ ಲೇಖನ ಬರೆದ. 1854ರಲ್ಲಿ ಫಿಲಡೆಲ್ಫಿಯಾ ನಗರದ ಬೆಂಕಿಯಲ್ಲಿ ತುರ್ಕ ಸುಟ್ಟುಹೋದ.

ಪೋ ಊಹಿಸಿದ್ದು ಸರಿ. ಪೆಟ್ಟಿಗೆಯೊಳಗೆ ಜಾರುವ ಆಸನದ ಮೇಲೆ ಒಬ್ಬ ಸಮರ್ಥ ಆಟಗಾರ ಮುದುರಿ ಕುಳಿತಿರುತ್ತಿದ್ದ. ಒಂದು ಬಾಗಿಲು ತೆರೆದಾಗ ಅತ್ತ, ಇನ್ನೊಂದು ತೆರೆದಾಗ ಇತ್ತ ಸರಿಯುತ್ತಿದ್ದ. ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಒಂದು ಮೇಣದಬತ್ತಿ ಹಚ್ಚಿಕೊಂಡು, ಮೇಲಿನ ಕಾಯಿಗಳ ಚಲನೆಯನ್ನು ಅಯಸ್ಕಾಂತಗಳಿಂದ ತಿಳಿದು, ಸನ್ನೆಗೋಲಿನಿಂದ ತುರ್ಕನ ಕೈಯನ್ನು ಆಡಿಸುತ್ತಿದ್ದ. ಬತ್ತಿಯ ಹೊಗೆ ಗೊಂಬೆಯ ಮುಂಡಾಸಿನ ಮೂಲಕ ಹೊರಗೆ ಹೋಗುತ್ತಿತ್ತು. ವಾಸನೆ ಹಿಡಿದು ಯಾರೂ ಪತ್ತೆ ಮಾಡದಿರಲೆಂದು ಹೊರಗೂ ದೀಪದ ಕಂಬಗಳನ್ನು ಉರಿಸಿಟ್ಟಿರುತ್ತಿದ್ದರು. ಮೇಲ್ಜೆಲನ ಕಾಲದಲ್ಲಿ ಹೀಗೆ ಒಳಗೆ ಕುಳಿತವರಲ್ಲಿ ಕೆಲವರ ಹೆಸರು ಉಳಿದಿದೆ: ಆಲ್ಗೈಯರ್, ಲೂಯಿಸ್, ಮೂರೆ, ಶ್ಲುಂಬರ್ಗರ್. ಒಬ್ಬೊಬ್ಬನೂ ತನ್ನ ಹೆಸರಿನಲ್ಲಿ ಆಡಿದ್ದರೆ ಗೌರವ ಸಲ್ಲುತ್ತಿತ್ತು. ತುರ್ಕನ ಹೆಸರಿನಲ್ಲಿ ಆಡಿದ್ದರಿಂದ ಚಪ್ಪಾಳೆ ಗೊಂಬೆಗೆ, ಹಣ ಮೇಲ್ಜೆಲನಿಗೆ. ಕೊನೆಗೆ ಮೂರೆ ಎಂಬುವನೇ ಬೇಸತ್ತೋ ಹಣದ ತೊಂದರೆಯಿಂದಲೋ 1834ರಲ್ಲಿ ಒಂದು ಫ್ರೆಂಚ್ ಪತ್ರಿಕೆಗೆ ಗುಟ್ಟನ್ನು ಬಿಟ್ಟುಕೊಟ್ಟ. ಶ್ಲುಂಬರ್ಗರ್ 1838ರಲ್ಲಿ ಹವಾನಾ ನಗರದಲ್ಲಿ ಹಳದಿ ಜ್ವರದಿಂದ ಸತ್ತ. 

ಈ ಸುಳ್ಳು ಯಂತ್ರದಿಂದ ನಿಜವಾದ ಯಂತ್ರಗಳು ಹುಟ್ಟಿದ್ದು ಇನ್ನೂ ಸೋಜಿಗ. ಎಡ್ಮಂಡ್ ಕಾರ್ಟ್‌ರೈಟ್ ಎಂಬ ಇಂಗ್ಲಿಷ್ ಪಾದ್ರಿ, ಚದುರಂಗವನ್ನೇ ಆಡುವ ಯಂತ್ರವಿರುವಾಗ ಬಟ್ಟೆ ನೇಯುವ ಯಂತ್ರ ಏಕಾಗಬಾರದೆಂದು ವಾದಿಸಿ, 1785ರಲ್ಲಿ ವಿದ್ಯುತ್ತಿಲ್ಲದ ಆ ಕಾಲದಲ್ಲೇ ತಾನಾಗಿ ನಡೆಯುವ ಮಗ್ಗಕ್ಕೆ ಪೇಟೆಂಟ್ ಪಡೆದ. ಆ ಮಗ್ಗದ ವಂಶ ಕೈಮಗ್ಗದವರ ಅನ್ನವನ್ನು ಏನು ಮಾಡಿತೆಂಬುದನ್ನು ನಾವು ಶಾಲೆಯಲ್ಲೇ ಓದಿದ್ದೇವೆ. 1820ರ ಸುಮಾರಿಗೆ ತುರ್ಕನೊಡನೆ ಆಡಿ ಸೋತವರಲ್ಲಿ ಚಾರ್ಲ್ಸ್ ಬ್ಯಾಬೇಜ್ ಒಬ್ಬ. ಲೆಕ್ಕ ಮಾಡುವ ಯಂತ್ರವನ್ನು ಕನಸಿದ, ಇಂದಿನ ಕಂಪ್ಯೂಟರಿನ ಮುತ್ತಜ್ಜನೆನಿಸಿದ ಬ್ಯಾಬೇಜ್.

ಇನ್ನು ನಮ್ಮ ಕಾಲಕ್ಕೆ ಬರೋಣ. ಅಮೆಜಾನ್ ಸಂಸ್ಥೆಗೆ ಒಂದು ತೊಡಕಿತ್ತು. ಮಾರಾಟದ ಲಕ್ಷಾಂತರ ಪುಟಗಳಲ್ಲಿ ಒಂದೇ ವಸ್ತು ಎರಡೆರಡು ಕಡೆ ಸೇರಿಹೋಗುತ್ತಿತ್ತು. ಯಾವುದು ಯಾವುದರ ಪ್ರತಿ ಎಂದು ಗುರುತಿಸಲು ಕಂಪ್ಯೂಟರಿಗೆ ಸಾಧ್ಯವಾಗುತ್ತಿರಲಿಲ್ಲ, ಮನುಷ್ಯನಿಗೆ ಕಣ್ಣೆವೆ ಮುಚ್ಚುವಷ್ಟರ ಕೆಲಸ. ಹಾಗಾದರೆ ಕಂಪ್ಯೂಟರ್ ತನಗೆ ತಿಳಿಯದ್ದನ್ನು ಮನುಷ್ಯನನ್ನು ಕೇಳಿ ತಿಳಿದು ಮುಂದಕ್ಕೆ ಹೋಗುವಂತೆ ಮಾಡಿದರಾಯಿತು. ಮನುಷ್ಯ ಮತ್ತು ಯಂತ್ರದ ಈ ಕೂಡುವ್ಯವಸ್ಥೆಗೆ 2001ರಲ್ಲಿ ಪೇಟೆಂಟಿನ ಅರ್ಜಿ ಹಾಕಿದವರಲ್ಲಿ ವೆಂಕಿ ಹರಿನಾರಾಯಣ್ ಎಂಬ ಭಾರತೀಯ ಮೂಲದ ಎಂಜಿನಿಯರರಿದ್ದರು. ಇದೇ ಮುಂದೆ ಎಲ್ಲರಿಗೂ ತೆರೆದ ಪೇಟೆಯಾಯಿತು. 'ಕೃತಕ ಕೃತಕ ಬುದ್ಧಿಮತ್ತೆ' ಎಂಬುದು ಅದರ ಜಾಹೀರಾತಿನ ಮಾತು. ಒಳಗೆ ಮನುಷ್ಯನಿದ್ದಾನೆಂಬುದನ್ನು ಅವರೇನೂ ಬಚ್ಚಿಡಲಿಲ್ಲ. ಹೆಸರಿನಲ್ಲೇ ಹೇಳಿ ನಕ್ಕರು. ಆ ನಗೆಯೇ ನನಗೆ ಕಸಿವಿಸಿಯನ್ನುಂಟುಮಾಡುತ್ತದೆ.

ವ್ಯವಸ್ಥೆ ಹೀಗಿತ್ತು. ಕೆಲಸ ಕೊಡುವವನಿಗೆ 'ಕೋರುವವ' ಎಂದು ಹೆಸರು. ಧಣಿ ಎನ್ನುವ ಹಾಗಿಲ್ಲ. ಧಣಿ ಎಂದೊಡನೆ ಆಳಿನ ಹಕ್ಕು ಹುಟ್ಟುತ್ತದೆ. ಒಂದು ಚಿತ್ರದಲ್ಲಿರುವುದು ನಾಯಿಯೋ ನರಿಯೋ ಹೇಳುವುದು, ಒಂದು ರಶೀದಿಯ ಅಂಕಿಗಳನ್ನು ಎತ್ತಿ ಬರೆಯುವುದು, ಒಂದು ಪ್ರಶ್ನಾವಳಿಗೆ ಉತ್ತರಿಸುವುದು, ಇಂಥ ತುಂಡು ಕೆಲಸಕ್ಕೆ ಕೆಲವು ಸೆಂಟುಗಳ ಕೂಲಿ. ಮಾಡಿ ಕಳಿಸಿದ್ದನ್ನು ಕೋರುವವನು ಒಪ್ಪಬಹುದು, ತಿರಸ್ಕರಿಸಬಹುದು. ತಿರಸ್ಕರಿಸಿದರೆ ಕೂಲಿಯಿಲ್ಲ, ಆದರೆ ಕಳಿಸಿದ ಕೆಲಸ ಮಾತ್ರ ಅವನ ಹತ್ತಿರವೇ ಉಳಿಯುತ್ತದೆ, ಅದನ್ನು ಬಳಸಿಕೊಳ್ಳುವ ಹಕ್ಕೂ ಅವನದೇ. ಪ್ರತಿಯೊಬ್ಬ ಕೆಲಸಗಾರನ ಹೆಸರಿಗೂ ನೂರಕ್ಕೆ ಎಷ್ಟು ಕೆಲಸ ಒಪ್ಪಿತವಾಯಿತೆಂಬ ಲೆಕ್ಕ ಅಂಟಿಕೊಂಡಿರುತ್ತದೆ. 95ಕ್ಕಿಂತ ಕೆಳಗಿದ್ದವರು ಬೇಡವೆಂದು ಕೋರುವವನು ಬೇಲಿ ಹಾಕಬಹುದು. ಹಾಗೆ ಹಾಕುವುದೇ ರೂಢಿಯಾಯಿತು. ಕೋರುವವನು ಎಂಥವನು, ಎಷ್ಟು ಜನರ ಕೂಲಿ ತಿಂದವನು ಎಂಬ ಲೆಕ್ಕ ಕೆಲಸಗಾರನಿಗೆ ಮೊದಮೊದಲಿಗೆ ಕಾಣುವಂತಿರಲಿಲ್ಲ. ನನ್ನ ಶಿಷ್ಯೆ ದುಡಿಯುವ ತಾಣ ಬೇರೆ. ಆದರೆ ಅಚ್ಚು ಇದೇ.

ನಮ್ಮ ದೇಶದವರು ಇದರಲ್ಲಿ ಬಹುಬೇಗ ಸೇರಿದರು. 2010ರಲ್ಲಿ ಪ್ರಕಟವಾದ ಸಮೀಕ್ಷೆಗಳ ಪ್ರಕಾರ ಅಲ್ಲಿ ದುಡಿಯುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ಭಾರತೀಯರು. ನಮ್ಮವರಿಗೆ ಕೂಲಿ ಹಣವಾಗಿಯೇ ಸಿಕ್ಕುತ್ತಿತ್ತೆಂಬುದು ಒಂದು ಕಾರಣ. ಇತರ ಅನೇಕ ದೇಶದವರಿಗೆ ಅಮೆಜಾನಿನಲ್ಲೇ ಖರ್ಚು ಮಾಡಬೇಕಾದ ಉಡುಗೊರೆ ಕಾರ್ಡು ಬರುತ್ತಿತ್ತು. ಹಿಂದೆ ತೋಟದ ಕೂಲಿಯವರಿಗೆ ತೋಟದ ಅಂಗಡಿಯ ಚೀಟಿ ಕೊಡುತ್ತಿದ್ದರಲ್ಲ, ಆ ನೆನಪು ಬಂತು. 2018ರಲ್ಲಿ ಕೆಲವು ವಿದ್ವಾಂಸರು 2,676 ಕೆಲಸಗಾರರ 38 ಲಕ್ಷ ತುಂಡು ಕೆಲಸಗಳನ್ನು ಲೆಕ್ಕಕ್ಕೆ ಹಿಡಿದರು. ನಡುಮಟ್ಟದ ಕೆಲಸಗಾರನಿಗೆ ಗಂಟೆಗೆ ದಕ್ಕುತ್ತಿದ್ದದ್ದು ಸುಮಾರು 2 ಡಾಲರು. ಅಮೆರಿಕದ ಕನಿಷ್ಠ ಕೂಲಿ 7.25 ಡಾಲರನ್ನು ದಾಟಿದವರು ನೂರಕ್ಕೆ ನಾಲ್ಕೇ ಮಂದಿ. ಇದಕ್ಕೆ ಕಾರಣ ದರ ಕಡಮೆಯೆಂಬುದಷ್ಟೇ ಅಲ್ಲ. ಕೆಲಸ ಹುಡುಕುವ ಹೊತ್ತು, ಅರ್ಧ ಮಾಡಿ ಕೈಬಿಟ್ಟ ಹೊತ್ತು, ತಿರಸ್ಕೃತವಾದದ್ದಕ್ಕೆ ಹಾಕಿದ ಹೊತ್ತು, ಇವು ಯಾವುದಕ್ಕೂ ಬೆಲೆಯಿಲ್ಲ. ಪೇಟೆಯ ಯಜಮಾನರು ಮಾತ್ರ 2015ರಲ್ಲಿ ತಮ್ಮ ದಳ್ಳಾಳಿಯನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದರು.

ಹಾಗೆಂದು ಆ ದುಡಿಮೆ ವ್ಯರ್ಥವಾಯಿತೆನ್ನಲಾಗದು. ಫೇ ಫೇ ಲೀ ಎಂಬ ವಿದ್ವಾಂಸೆಯ ತಂಡ 'ಇಮೇಜ್‌ನೆಟ್' ಎಂಬ ಮಹಾ ಚಿತ್ರಕೋಶವನ್ನು ಕಟ್ಟಿದ್ದು ಈ ಪೇಟೆಯ ಕೂಲಿಯಿಂದಲೇ. 167 ದೇಶಗಳ ಸುಮಾರು 49,000 ಜನ ಚಿತ್ರಗಳನ್ನು ನೋಡಿ ನೋಡಿ ಇದು ಇದೆಂದು ಹೇಳಿದರು. ಆ ಕೋಶದ ಮೇಲೆ ಕಲಿತು 2012ರಲ್ಲಿ ಗೆದ್ದ ಗಣಕಜಾಲದಿಂದಲೇ ಇಂದಿನ ಕೃತಕ ಬುದ್ಧಿಮತ್ತೆಯ ಭರಾಟೆ ಶುರುವಾಯಿತೆನ್ನುತ್ತಾರೆ. ಇಂದು ಯಂತ್ರ ಚಿತ್ರವನ್ನು ಗುರುತಿಸಿದರೆ ನಾವು ಬೆರಗಾಗುತ್ತೇವೆ. ಪೆಟ್ಟಿಗೆಯೊಳಗೆ ಕುಳಿತಿದ್ದವರು ಯಾರೆಂದು ಕೇಳುವುದಿಲ್ಲ.

ಕೆಲಸಗಾರರು ಸುಮ್ಮನಿದ್ದರೆ? ಇಲ್ಲ. 2008ರಲ್ಲಿ ಲಿಲಿ ಇರಾನಿ, ಸಿಕ್ಸ್ ಸಿಲ್ಬರ್‌ಮನ್ ಎಂಬ ಇಬ್ಬರು ಸಂಶೋಧಕರು, ನಿಮಗೆ ಬೇಕಾದ ಹಕ್ಕುಗಳೇನೆಂದು ಆ ಪೇಟೆಯಲ್ಲೇ ಒಂದು ಪ್ರಶ್ನೆ ಇಟ್ಟು ಕೆಲಸಗಾರರನ್ನು ಕೇಳಿದರು. ಬಂದ ಉತ್ತರಗಳಿಂದ 'ಟರ್ಕಾಪ್ಟಿಕಾನ್' ಎಂಬ ಸಾಧನ ಹುಟ್ಟಿತು. ಕೈದಿಗಳನ್ನು ಒಂದೇ ಗೋಪುರದಿಂದ ಕಾಯಬಹುದಾದ ಸೆರೆಮನೆಯನ್ನು ಬೆಂಥಮ್ ಎಂಬ ತತ್ತ್ವಜ್ಞಾನಿ ಕಲ್ಪಿಸಿ 'ಪ್ಯಾನಾಪ್ಟಿಕಾನ್' ಎಂದು ಕರೆದಿದ್ದ. ಆ ಶಬ್ದವನ್ನು ತಿರುವಿ ಹಾಕಿದ ಹೆಸರಿದು. ಇಲ್ಲಿ ಕಾಯುವವರು ಕೈದಿಗಳು. ಕೋರುವವನು ಮಾತಾಡಿದರೆ ಉತ್ತರ ಕೊಡುತ್ತಾನೆಯೆ, ಕೂಲಿ ಗಿಟ್ಟುತ್ತದೆಯೆ, ನ್ಯಾಯವಾಗಿ ಪರೀಕ್ಷಿಸುತ್ತಾನೆಯೆ, ಬೇಗ ಹಣ ಕೊಡುತ್ತಾನೆಯೆ ಎಂದು ಕೆಲಸಗಾರರೇ ಅಂಕ ಹಾಕುವರು. ಕೆಲಸ ಹಿಡಿಯುವ ಮುಂಚೆ ಇತರರು ಅದನ್ನು ನೋಡಿಕೊಳ್ಳುವರು. 2014ರ ಕೊನೆಗೆ ಕೆಲಸಗಾರರು ಅಮೆಜಾನಿನ ಮುಖ್ಯಸ್ಥ ಜೆಫ್ ಬೆಜೋಸ್‌ಗೇ ಪತ್ರ ಬರೆಯುವ ಚಳವಳಿ ಹೂಡಿದರು. ನಾವು ಮನುಷ್ಯರು, ನಮ್ಮನ್ನು ಮನುಷ್ಯರೆಂದೇ ಪೇಟೆಗೆ ಪರಿಚಯಿಸಿ ಎಂಬುದು ಅದರ ತಿರುಳು.

ಆನ್‌ಲೈನ್ ಕೆಲಸವೆಲ್ಲ ಈ ಮಾದರಿಯದೇ ಎಂದರೆ ತಪ್ಪಾಗುತ್ತದೆ. ಇನ್ನೊಂದು ಕವಲುಂಟು. 1998ರಲ್ಲಿ ಹಾರ್ವರ್ಡಿನ ಒಂದು ಪತ್ರಿಕೆಯಲ್ಲಿ ಮಲೋನ್ ಮತ್ತು ಲಾಬಕರ್ ಎಂಬಿಬ್ಬರು, ಮುಂದೆ ದೊಡ್ಡ ಕಂಪೆನಿಗಳು ಕರಗಿ, ತಂತಿಯ ಮೂಲಕ ಕೂಡಿ ದುಡಿಯುವ ಸ್ವತಂತ್ರರ ಕಾಲ ಬರುವುದೆಂದು ಬರೆದರು. ಮರುವರ್ಷವೇ 'ಇಲ್ಯಾನ್ಸ್' ಎಂಬ ಪೇಟೆ ತೆರೆಯಿತು. ಸ್ಥಾಪಕರಲ್ಲಿ ಬೀರೂದ್ ಶೇಟ್ ಒಬ್ಬರು. ಕೆಲವು ವರ್ಷದ ಮೇಲೆ 'ಓಡೆಸ್ಕ್' ಬಂತು. ಎರಡೂ ಕೂಡಿ 2015ರಲ್ಲಿ 'ಅಪ್‌ವರ್ಕ್' ಆಯಿತು. ಇಲ್ಲಿ ಸೆಂಟಿನ ಚೂರುಗಳಲ್ಲ; ಪ್ರೋಗ್ರಾಂ ಬರೆಯುವುದು, ಅನುವಾದ, ಚಿತ್ರ ಬಿಡಿಸುವುದು ಮೊದಲಾದ ಪೂರಾ ಕೆಲಸಗಳು. ಓಡೆಸ್ಕಿನ ಕುಶಲತೆ ನಂಬಿಕೆಯ ಪ್ರಶ್ನೆಯನ್ನು ಬಿಡಿಸಿದ್ದರಲ್ಲಿತ್ತು. ಕಾಣದ ಊರಿನ ಕೆಲಸಗಾರ ಗಂಟೆ ಲೆಕ್ಕದಲ್ಲಿ ನಿಜವಾಗಿ ದುಡಿದನೆಂದು ನಂಬುವುದು ಹೇಗೆ? ಅವನ ಕಂಪ್ಯೂಟರಿನ ಪರದೆಯ ಚಿತ್ರವನ್ನು ಹತ್ತು ಹತ್ತು ನಿಮಿಷಕ್ಕೊಮ್ಮೆ ತೆಗೆದು, ಎಷ್ಟು ಸಲ ಕೀಲಿ ಒತ್ತಿದನೆಂದು ಎಣಿಸಿ ಧಣಿಗೆ ತೋರಿಸುವುದು. ಹೀಗೆ ಎಣಿಸಿಕೊಂಡವನಿಗೆ ಗಂಟೆಯ ಕೂಲಿ ಖಂಡಿತ. ಎಂದರೆ ಅಲ್ಲಿ ಕಣ್ಣಿಗೆ ಬಿದ್ದರೆ ಕೂಲಿ ಎಂಬ ಲೆಕ್ಕ. ಉಸಿರು ಕಟ್ಟಿಸುವಂಥದೇ, ಆದರೂ ಒಂದು ಲೆಕ್ಕ.

ಲಾಭವನ್ನೂ ಹೇಳಬೇಕು. ಆಕ್ಸ್‌ಫರ್ಡಿನ ಸಂಶೋಧಕರು ಆಗ್ನೇಯ ಏಷ್ಯ ಮತ್ತು ಆಫ್ರಿಕದ ಆರು ದೇಶಗಳಲ್ಲಿ 107 ಕೆಲಸಗಾರರನ್ನು ಕಂಡು ಮಾತಾಡಿಸಿ, 679 ಜನರ ಸಮೀಕ್ಷೆ ಮಾಡಿ, ಬರೆದದ್ದನ್ನು ಓದಿದೆ. ಬೇಕಾದಾಗ ಬೇಕಾದಲ್ಲಿ ಕುಳಿತು ದುಡಿಯುವ ಸ್ವಾತಂತ್ರ್ಯ, ಬಗೆಬಗೆಯ ಕೆಲಸ, ಬುದ್ಧಿಗೆ ಕಸುವು, ಇವೆಲ್ಲ ಅವರಿಗೆ ಸಿಕ್ಕಿದೆ. ಜೊತೆಗೆ ಕಡಮೆ ಕೂಲಿ, ಒಂಟಿತನ, ಪಶ್ಚಿಮದ ಹಗಲಿಗೆ ಹೊಂದಿಸಿಕೊಂಡ ನಿದ್ರೆಯಿಲ್ಲದ ರಾತ್ರಿ. ಒಳ್ಳೆಯ ಅಂಕವುಳ್ಳವರಿಗೆ ಕೆಲಸ ಮೇಲೆ ಕೆಲಸ. ಹೊಸಬರಿಗೆ ಬಾಗಿಲೇ ತೆರೆಯದು. ನನ್ನ ಶಿಷ್ಯೆಯನ್ನೇ ನೋಡಿ: ಮಗುವನ್ನು ಬಿಟ್ಟು ಮಂಗಳೂರಿಗೋ ಬೆಂಗಳೂರಿಗೋ ಹೋಗಲಾರಳು. ಊರಿನಲ್ಲಿ ಎಂ.ಎ. ಕನ್ನಡಕ್ಕೆ ಕೆಲಸವಿಲ್ಲ. ಈ ತಾಣವಿಲ್ಲದಿದ್ದರೆ ಅವಳ ಕೈಗೆ ಅವಳದೇ ಎಂಬ ನಾಲ್ಕು ಕಾಸು ಬರುತ್ತಿರಲಿಲ್ಲ. ಅವಳಿಗೆ ಇದರ ಮೇಲೆ ಸಿಟ್ಟಿಲ್ಲ. ಇದು ಕೈತಪ್ಪೀತೆಂಬ ಭಯವಿದೆ.

ಇಷ್ಟು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ವಿಯೆನ್ನಾಕ್ಕಲ್ಲ, ನಮ್ಮೂರಿನ ಬೀಡಿಯ ಬ್ರಾಂಚಿಗೆ. ಮನೆಯಲ್ಲಿ ಕುಳಿತು, ತುಂಡಿಗೆ ಇಷ್ಟೆಂಬ ಕೂಲಿಗೆ, ಕಾಣದ ಧಣಿಗಾಗಿ ಹೆಂಗಸರು ದುಡಿಯುವುದು ದಕ್ಷಿಣ ಕನ್ನಡಕ್ಕೆ ಹೊಸದಲ್ಲ. 1990ರ ಆಸುಪಾಸಿನಲ್ಲಿ, ನಾನು ಹುಡುಗನಾಗಿದ್ದಾಗ, ನಮ್ಮ ನೆರೆಮನೆಯ ದೊಡ್ಡಮ್ಮ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಾತಾಡುತ್ತಲೇ, ಎಲೆ ಕತ್ತರಿಸಿ ಹೊಗೆಸೊಪ್ಪು ತುಂಬಿ ಬೀಡಿ ಸುತ್ತುತ್ತಿದ್ದರು. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಎಲೆಯನ್ನೂ ಸೊಪ್ಪನ್ನೂ ಬ್ರಾಂಚಿನವರು ತೂಗಿ ಕೊಡುವರು. ಕಟ್ಟಿದ್ದನ್ನು ಒಯ್ದು ಕೊಟ್ಟಾಗ ಚೆಕ್ಕರನೆಂಬವನು ಕಟ್ಟುಗಳನ್ನು ಬಿಚ್ಚಿ, ಬೆರಳಿನಲ್ಲಿ ಉರುಳಿಸಿ, ಸಡಿಲವಾದದ್ದು, ಕುಳ್ಳಾದದ್ದು ಎಂದು ಕೆಲವನ್ನು ಪಕ್ಕಕ್ಕೆ ಎಸೆಯುವನು. ಅವಕ್ಕೆ ಮಜೂರಿಯಿಲ್ಲ. ನಾನು ಎಷ್ಟೋ ಸಲ ದೊಡ್ಡಮ್ಮನ ಜೊತೆ ಹೋಗಿದ್ದೇನೆ. ಅವರ ತಕರಾರು ಎಸೆದದ್ದರ ಬಗ್ಗೆ ಅಷ್ಟಾಗಿ ಇರುತ್ತಿರಲಿಲ್ಲ. "ಬೇಡವಾದರೆ ನನ್ನ ಎದುರಿಗೇ ಮುರಿದು ಹಾಕು. ಮುರಿಯದೆ ಒಳಗಿಟ್ಟುಕೊಂಡರೆ ಅದು ಬೀಡಿ ಅಲ್ಲವೋ?" ಎಂದು ತುಳುವಿನಲ್ಲಿ ಗಟ್ಟಿಯಾಗಿ ಕೇಳುತ್ತಿದ್ದರು. ಸಾಲಿನಲ್ಲಿ ನಿಂತ ಉಳಿದ ಹೆಂಗಸರೂ ದನಿಗೂಡಿಸುತ್ತಿದ್ದರು. ಚೆಕ್ಕರ್ ಎಂಟು ಹತ್ತು ಬೀಡಿಗಳನ್ನು ಹಿಂದಕ್ಕೆ ಸೇರಿಸಿ ಲೆಕ್ಕ ಬರೆಯುತ್ತಿದ್ದ.

ದೊಡ್ಡಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಅವರ ದನಿಯ ಹಿಂದೆ ಒಂದು ಕಾನೂನಿತ್ತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಎರಡು ದೊಡ್ಡ ಕೆಲಸ ಮಾಡಿತ್ತು. ಮನೆಯಲ್ಲೇ ಕುಳಿತು ಕಟ್ಟುವವಳೂ ಕೆಲಸಗಾರಳೇ ಎಂದು ಒಪ್ಪಿಕೊಂಡದ್ದು ಒಂದು. ತಿರಸ್ಕರಿಸಿದ ಬೀಡಿಯ ಬಗ್ಗೆ, ಅದರ ಕೂಲಿಯ ಬಗ್ಗೆ ತಕರಾರು ಬಂದರೆ ಅದನ್ನು ತೀರ್ಮಾನಿಸಲು ಸರಕಾರ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕೆಂದದ್ದು ಇನ್ನೊಂದು. ತಿರಸ್ಕಾರಕ್ಕೆ ನೂರಕ್ಕೆ ಇಷ್ಟೇ ಎಂಬ ಮಿತಿಯನ್ನು ಆಗಿನ ಮೈಸೂರು ರಾಜ್ಯದ ನಿಯಮಗಳೂ ಹಾಕಿದ್ದುವು. ಬೀಡಿ ಮಾಲೀಕರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಇದರಿಂದ ಬೀಡಿಯವರ ಬಾಳು ಹಸನಾಯಿತೆಂದು ನಾನು ಹೇಳುತ್ತಿಲ್ಲ. ದೊಡ್ಡಮ್ಮನ ಕೆಮ್ಮು ಕೊನೆಯವರೆಗೂ ನಿಲ್ಲಲಿಲ್ಲ, ಬ್ರಾಂಚಿನ ತೂಕವೂ ಎಂದೂ ನೆಟ್ಟಗಿರಲಿಲ್ಲ. ಆದರೆ ಸಡಿಲವೆಂದವನ ಮುಖ ಎದುರಿಗಿತ್ತು. ಸಾಲಿನಲ್ಲಿ ನಿಂತವರಿಗೆ ಒಬ್ಬರಿಗೊಬ್ಬರ ಮುಖ ಕಾಣುತ್ತಿತ್ತು. ಈ ಎರಡನ್ನೂ ಆನ್‌ಲೈನ್ ಪೇಟೆ ತೆಗೆದುಹಾಕಿತು, ಮತ್ತು ಹಾಗೆ ತೆಗೆದದ್ದನ್ನೇ ಸ್ವಾತಂತ್ರ್ಯವೆಂದು ಕರೆಯಿತು.

ನಾನೂ ಒಂದು ಬಗೆಯ ಚೆಕ್ಕರನೇ ಎಂಬುದು ಇಲ್ಲಿ ನೆನಪಾಗದೆ ಇರದು. ವರ್ಷಕ್ಕೆ ಎರಡು ಸಲ ಉತ್ತರಪತ್ರಿಕೆಗಳ ಕಂತೆಯ ಮುಂದೆ ಕುಳಿತು, ಪತ್ರಿಕೆಗೆ ಇಷ್ಟೆಂಬ ಭತ್ಯಕ್ಕೆ ಮೌಲ್ಯಮಾಪನ ಮಾಡುತ್ತೇನೆ. ಮಧ್ಯಾಹ್ನದ ಮೇಲೆ ಕಣ್ಣು ಮಂಜಾಗುತ್ತದೆ; ಯಾರ ಅದೃಷ್ಟಕ್ಕೆ ಏನಾಗುತ್ತದೋ. ಆದರೆ ಹುಡುಗನಿಗೆ ಅನುಮಾನ ಬಂದರೆ ದುಡ್ಡು ಕಟ್ಟಿ ಪತ್ರಿಕೆಯ ನಕಲು ತರಿಸಬಹುದು, ಮರುಮೌಲ್ಯಮಾಪನ ಕೇಳಬಹುದು. ಹಾಗೆ ಕೇಳಿ ನನ್ನ ಅಂಕವನ್ನು ತಿದ್ದಿಸಿದವರೂ ಇದ್ದಾರೆ. ಆಗ ಸ್ವಲ್ಪ ಅವಮಾನವೆನಿಸಿತ್ತು. ಈಗ ಯೋಚಿಸಿದರೆ, ಆ ಭಯವೊಂದಿರುವುದರಿಂದಲೇ ಮಧ್ಯಾಹ್ನದ ಮೇಲೂ ನಾನು ಪುಟ ಹಾರಿಸದೆ ಓದುತ್ತೇನೆ.

ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಒಂದು ಕಾಯ್ದೆಯಾಯಿತು. ಅದಕ್ಕೊಂದು ಮಂಡಳಿ, ಪ್ರತಿ ವ್ಯವಹಾರದ ಕೂಲಿಯ ಮೇಲೆ ನೂರಕ್ಕೆ ಒಂದರಿಂದ ಐದರವರೆಗೆ ಕಂಪೆನಿಗಳಿಂದ ಕಲ್ಯಾಣ ಶುಲ್ಕ. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಬೇರೊಂದು ಅಂಶ: ಕೆಲಸಗಾರನನ್ನು ಕೈಬಿಡುವ ಮೊದಲು ಲಿಖಿತವಾಗಿ ಕಾರಣ ಹೇಳಬೇಕು, 14 ದಿನದ ನೋಟೀಸು ಕೊಡಬೇಕು, ಯಂತ್ರ ತೀರ್ಮಾನ ಮಾಡುವುದಿದ್ದರೆ ಯಾವ ಆಧಾರದ ಮೇಲೆ ಎಂಬುದನ್ನು ಕೆಲಸಗಾರನಿಗೆ ತಿಳಿಸಬೇಕು. ಇದು ಊಟ ತರುವ, ಕಾರು ಓಡಿಸುವ ಜನ ಬೆಂಗಳೂರಿನ ಬೀದಿಯಲ್ಲಿ ನಿಂತು ಕೇಳಿದ್ದರ ಫಲ. ಅವರನ್ನು ನಗರ ದಿನಾ ಕಾಣುತ್ತದೆ. ಬಾಗಿಲು ತೆರೆದರೆ ಮಳೆಯಲ್ಲಿ ನೆನೆದು ನಿಂತಿರುತ್ತಾರೆ. ಮಗನನ್ನು ಮಲಗಿಸಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಹನ್ನೊಂದು ಗಂಟೆ ರಾತ್ರಿಯಲ್ಲಿ ಯಾರದೋ ಮಾತನ್ನು ಬರೆಯುವವಳು ಯಾರ ಬಾಗಿಲಲ್ಲೂ ನಿಂತಿಲ್ಲ.

ಅವಳ ನಲವತ್ತೊಂದು ತುಣುಕುಗಳಿಗೆ ನಾವಿಬ್ಬರೂ ಕೂಡಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆವು. ಕರಾವಳಿಯ ಕನ್ನಡದಲ್ಲಿ ಕ್ರಿಯಾಪದದ ರೂಪಗಳು ಹೇಗಿರುತ್ತವೆಂದು ನಾನು ಒಂದು ಪುಟದ ಟಿಪ್ಪಣಿ ಸೇರಿಸಿದೆ. ಕೊನೆಗೆ ನನ್ನ ಹೆಸರು, ಪದವಿ, ಕಾಲೇಜು ಎಲ್ಲ ಹಾಕಿದೆ, ಗೌರವ ಬಂದೀತೆಂಬ ಆಸೆಯಿಂದ. ಒಂದು ನಿಮಿಷದೊಳಗೆ ಉತ್ತರ ಬಂತು: ನಿಮ್ಮ ಸಂದೇಶ ತಲುಪಿದೆ, ಇದು ತಾನಾಗಿ ಹೋಗುವ ಉತ್ತರ, ಇದಕ್ಕೆ ಮರುಬರೆಯಬೇಡಿ. ಆಮೇಲೆ ಮೂರು ತಿಂಗಳು ಏನೂ ಇಲ್ಲ.

ದೀಪಾವಳಿಗೆ ಅವಳು ಫೋನು ಮಾಡಿದ್ದಳು. ಬೇರೊಂದು ತಾಣದಲ್ಲಿ ಮೊದಲಿನಿಂದ ಅಂಕ ಗಳಿಸುತ್ತಿದ್ದಾಳಂತೆ. ಅಲ್ಲಿ ಈಗ 'ಬರ್ತದೆ' ಎಂದು ಕೇಳಿದರೂ 'ಬರುತ್ತದೆ' ಎಂದೇ ಬರೆಯುತ್ತಾಳೆ, ತಿರಸ್ಕಾರ ಕಡಮೆಯಾಗಿದೆ. "ಆ ಅಜ್ಜನ ಮಾತು ಮಾತ್ರ ನೋಟುಪುಸ್ತಕದಲ್ಲಿ ಹಾಗೇ ಬರೆದಿಟ್ಟಿದ್ದೇನೆ ಸರ್. ಮದ್ದು ಬಿಡಲಿಕ್ಕೆ ಜನ ಸಿಕ್ಕಿತೋ ಇಲ್ಲವೋ ಅಂತ ಕೊನೆಗೆ ಗೊತ್ತಾಗಲೇ ಇಲ್ಲ, ತುಣುಕು ಅಲ್ಲಿಗೆ ನಿಂತಿತ್ತು" ಎಂದಳು.